ಹಿಡಿದಿಟ್ಟದ್ದು ಏನನ್ನು?

1976ರಲ್ಲಿ ಇಟಲಿಯ ಎಲ್ಬಾ ದ್ವೀಪದ ಬಳಿ ಫ್ರಾನ್ಸಿನ ಜಾಕ್ ಮಯೋಲ್ ಒಂದೇ ಉಸಿರಿನಲ್ಲಿ 100 ಮೀಟರ್ ಆಳವನ್ನು ಮುಟ್ಟಿ ಬಂದರು. 2010ರಲ್ಲಿ ಬಹಾಮಾಸ್‌ನ ಡೀನ್ಸ್ ಬ್ಲೂ ಹೋಲ್ ಎಂಬ ಮಡುವಿನಲ್ಲಿ ನ್ಯೂಜಿಲೆಂಡಿನ ವಿಲಿಯಂ ಟ್ರೂಬ್ರಿಜ್ ಅಷ್ಟೇ ಆಳವನ್ನು ಮುಟ್ಟಿದರು. ಅಳತೆ ಒಂದೇ; ಸಾಧನೆ ಒಂದೇ ಅಲ್ಲ. ಮಯೋಲರನ್ನು ಕೆಳಗೆ ಒಯ್ದದ್ದು ಭಾರದ ಜಾರುಬಂಡಿ, ಮೇಲಕ್ಕೆ ತಂದದ್ದು ಗಾಳಿ ತುಂಬಿದ ಬಲೂನು. ಟ್ರೂಬ್ರಿಜ್ ಇಳಿದದ್ದೂ ಏರಿದ್ದೂ ಕೈಕಾಲಿನ ಬಲದಿಂದ. ಕಾಲಿಗೆ ಫಿನ್ ಕೂಡ ಇರಲಿಲ್ಲ. ಈ ಅಂತರವನ್ನು ಅಂಕಿ ಹೇಳಲಾರದು. ಅದನ್ನು ಹೇಳುವುದಕ್ಕಾಗಿಯೇ ಈ ಕ್ರೀಡೆಯಲ್ಲಿ ಹೆಸರುಗಳು ಹುಟ್ಟಿದವು.

ಆಯ್ಡಾ ಎಂಬ ಅಂತರರಾಷ್ಟ್ರೀಯ ಸಂಸ್ಥೆ 1992ರಲ್ಲಿ ಸ್ಥಾಪನೆಗೊಂಡು ಸ್ಪರ್ಧೆಗಳಿಗೆ ನಿಯಮ ರೂಪಿಸಿತು. ಒಯ್ದ ಭಾರವನ್ನು ಕೆಳಗೆ ಬಿಡದೆ ಮರಳಿ ತರಬೇಕಾದದ್ದು 'ಕಾನ್‌ಸ್ಟಂಟ್ ವೇಟ್', ಅಂದರೆ ಸ್ಥಿರಭಾರ. ಭಾರದೊಡನೆ ಇಳಿದು, ಅದನ್ನು ತ್ಯಜಿಸಿ ಸ್ವಂತ ಬಲದಿಂದ ಏರುವುದು 'ವೇರಿಯಬಲ್ ವೇಟ್'. ಹಗ್ಗವನ್ನು ಎಳೆಯುತ್ತ ಇಳಿದು ಏರುವುದು 'ಫ್ರೀ ಇಮ್ಮರ್ಶನ್'. ಕೊಳದಲ್ಲಿ ಅಲುಗದೆ ಉಸಿರು ಹಿಡಿಯುವುದು 'ಸ್ಟ್ಯಾಟಿಕ್'. ಅಡ್ಡಲಾಗಿ ದೂರ ಕ್ರಮಿಸುವುದು 'ಡೈನಮಿಕ್'. ಈ ಹೆಸರುಗಳು ಭಾರ, ಹಗ್ಗ, ಚಲನೆಗಳನ್ನು ಹೇಳುತ್ತವೆ, ಉಸಿರನ್ನು ಹೇಳುವುದಿಲ್ಲ. ಕ್ರೀಡೆಗೆ ಒಟ್ಟಾರೆ ಇರುವ 'ಆಪ್ನಿಯಾ' ಎಂಬ ಗ್ರೀಕ್ ಮೂಲದ ಪದವೂ ಉಸಿರಿಲ್ಲದಿರುವಿಕೆ ಎಂಬ ಅಭಾವವನ್ನಷ್ಟೇ ಸೂಚಿಸುತ್ತದೆ.

ಕವಿರಾಜಮಾರ್ಗವು ಕನ್ನಡನಾಡಿನ ಬಡಗಣ ಎಲ್ಲೆಯೆಂದು ಗುರುತಿಸಿದ ಗೋದಾವರಿಯ ಸೀಮೆಯಲ್ಲಿ, ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿ, ಬದುಕುತ್ತಿರುವ ನಮಗೆ ಈ ಕಡಲಿನ ಕ್ರೀಡೆ ದೂರದ್ದು. ಆದರೆ ಉಸಿರು ಹಿಡಿಯುವ ವಿದ್ಯೆಗೆ ಹೆಸರಿಡುವ ಪರಂಪರೆ ದೂರದ್ದಲ್ಲ. ನಾಸಿಕದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಜನಸಾಗರ ಮುಳುಗೇಳುವ ಮೇಳದ ಹೆಸರಿನಲ್ಲಿರುವ 'ಕುಂಭ'ವೇ ಪ್ರಾಣಾಯಾಮದ 'ಕುಂಭಕ'ದಲ್ಲಿಯೂ ಇದೆ. ಅಲ್ಲಿ ಅಮೃತದ ಕೊಡ, ಇಲ್ಲಿ ಉಸಿರು ತುಂಬಿದ ದೇಹವೆಂಬ ಕೊಡ. ಗ್ರೀಕರ ಮಾತು ಇಲ್ಲದ್ದನ್ನು ಎಣಿಸಿದರೆ ನಮ್ಮ ಮಾತು ತುಂಬಿದ್ದನ್ನು ಎಣಿಸುತ್ತದೆ.

ಸಂಭಾಜಿನಗರದ ಸಮೀಪ ಎಲ್ಲೋರದ ಕೈಲಾಸವನ್ನು ಕಡೆಸಿದ ರಾಷ್ಟ್ರಕೂಟರ ಬಳಿಕ, ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ರನ್ನ ಗದಾಯುದ್ಧವನ್ನು ರಚಿಸಿದನು. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನ ಕಥೆಯನ್ನು ಅರಿಯದ ಕನ್ನಡಿಗರು ವಿರಳ. ಆ ವಿದ್ಯೆಯನ್ನು ನಾವು ಕರೆಯುವುದು ಜಲಸ್ತಂಭನವೆಂದು. ಹೆಸರನ್ನು ಗಮನಿಸಬೇಕು: ಸ್ತಂಭಿಸಿದ್ದು ಉಸಿರಲ್ಲ, ನೀರು. ಪುರಾಣವೀರನು ನೀರನ್ನು ತಡೆದನು. ಯೋಗಿಯು ಉಸಿರನ್ನು ತಡೆದನು. ಇಂದಿನ ಸ್ಪರ್ಧಿಯು ಭಾರವನ್ನು ಸ್ಥಿರವಾಗಿರಿಸುತ್ತಾನೆ. ಏನನ್ನು ಹಿಡಿದಿಟ್ಟರು ಎಂಬುದರಿಂದಲೇ ಮೂರೂ ಹೆಸರುಗಳು ಬಂದಿವೆ.

ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯಲ್ಲಿ ಕುಂಭಕದ ಎಂಟು ಭೇದಗಳಿವೆ. ಕೊನೆಯದು ಪ್ಲಾವಿನಿ: ಒಡಲೊಳಗೆ ಗಾಳಿ ತುಂಬಿಕೊಂಡವನು ಆಳವಾದ ನೀರಿನ ಮೇಲೂ ತಾವರೆಯೆಲೆಯಂತೆ ತೇಲುವನೆಂದು ವರ್ಣನೆ. ಅದರ ಹಿಂದಿನದು ಮೂರ್ಛಾ. ಯೋಗಿಗೆ ಅದು ಸುಖದ ಲಯ. ಮುಳುಗುಗಾರನಿಗೆ ಮೂರ್ಛೆಯೇ ಮೊದಲ ಶತ್ರು. ಮೇಲ್ಮೈಗೆ ಬಂದು ಎಚ್ಚರ ತಪ್ಪಿದರೂ ಅವನ ಇಳಿತ ಅಸಿಂಧು. ಒಂದೇ ದೇಹಸ್ಥಿತಿ ಒಂದು ಪಟ್ಟಿಯಲ್ಲಿ ಸಾಧನೆಯ ಹೆಸರಾದರೆ ಇನ್ನೊಂದರಲ್ಲಿ ಸೋಲಿನ ಗುರುತು.

ಎಲ್ಲ ಕಟ್ಟುಪಾಡುಗಳನ್ನೂ ಕಳಚಿದ ವಿಭಾಗವೊಂದಿದೆ. ಜಾರುಬಂಡಿಯಲ್ಲಿ ಇಳಿದು ಬಲೂನಿನಲ್ಲಿ ಏರುವ ಅದರ ಹೆಸರು 'ನೋ ಲಿಮಿಟ್ಸ್', ಮಿತಿಯಿಲ್ಲದ್ದು. 2002ರಲ್ಲಿ ಡೊಮಿನಿಕನ್ ಗಣರಾಜ್ಯದ ಕಡಲಿನಲ್ಲಿ ಇದೇ ಪ್ರಯತ್ನದಲ್ಲಿ ಆಡ್ರಿ ಮೆಸ್ಟ್ರೆ ತೀರಿಕೊಂಡರು. ಮೇಲೆತ್ತಬೇಕಿದ್ದ ಬಲೂನು ತುಂಬಲಿಲ್ಲ. ಆಯ್ಡಾದ ಸ್ಥಾಪಕರಲ್ಲೊಬ್ಬರಾದ ಲೋಯಿಕ್ ಲೆಫೆರ್ಮ್ 2007ರ ಏಪ್ರಿಲ್‌ನಲ್ಲಿ ಇದೇ ವಿಭಾಗದ ಅಭ್ಯಾಸದ ವೇಳೆ ಅಸುನೀಗಿದರು. ಹೆಸರಿಡುವ ಸಂಸ್ಥೆಯನ್ನು ಕಟ್ಟಿದವರನ್ನೇ ಮಿತಿಯನ್ನು ನಿರಾಕರಿಸುವ ಹೆಸರು ಕೊಂಡೊಯ್ದಿತು.

ಸ್ಥಿರಭಾರ, ಫಿನ್‌ರಹಿತ ಎಂಬ ಒಣ ಹೆಸರುಗಳಲ್ಲಿ ಕಾವ್ಯವಿಲ್ಲ. ಆದರೂ ಅವುಗಳಲ್ಲಿ ಒಂದು ವಿನಯವಿದೆ: ಎಷ್ಟರಮಟ್ಟಿಗೆ ತಾನೇ ಇಳಿದೆ, ಎಷ್ಟರಮಟ್ಟಿಗೆ ಯಂತ್ರ ಇಳಿಸಿತು ಎಂಬುದನ್ನು ಅವು ಮುಚ್ಚಿಡುವುದಿಲ್ಲ. ಕನ್ನಡದಲ್ಲಿ ಈ ಕ್ರೀಡೆಗೆ ಹೆಸರುಗಳನ್ನು ಕಟ್ಟುವವರು ಕುಂಭಕದ ತುಂಬುತನವನ್ನೂ ಈ ಪ್ರಾಮಾಣಿಕತೆಯನ್ನೂ ಜೊತೆಗೆ ತಂದರೆ ಒಳಿತು.