ಫೀಚರ್ ಬ್ಲೋಟ್: ಆ್ಯಪ್ ಊದಿಕೊಂಡರೆ ನಷ್ಟ ಯಾರಿಗೆ?

ಸಂಬಳ ಬಂದ ದಿನ ರಾತ್ರಿ ಕ್ಯಾಂಪಿನ ರೂಮಿನಲ್ಲಿ ಕೂತು ಊರಿಗೆ ಹಣ ಕಳಿಸೋಣ ಅಂತ ಆ್ಯಪ್ ತೆರೆದರೆ ಮೊದಲು ಆಫರ್, ಆಮೇಲೆ ಗೇಮ್, ಅದರ ಕೆಳಗೆ ಲಕ್ಕಿ ಡ್ರಾ. ಹಣ ಕಳಿಸುವ ಬಟನ್ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ‘ಸ್ಟೋರೇಜ್ ಫುಲ್’ ಎಂಬ ಸಂದೇಶ. ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಈ ಕಾಯಿಲೆಗೆ ‘ಫೀಚರ್ ಬ್ಲೋಟ್’ ಎನ್ನುತ್ತಾರೆ.

ಏನಿದು?

ಬಳಕೆದಾರರ ಅಗತ್ಯ ನೋಡದೆ ಒಂದರ ಮೇಲೊಂದು ಸೌಲಭ್ಯ ಸೇರಿಸುತ್ತಾ ಹೋಗಿ, ಮುಖ್ಯ ಕೆಲಸವೇ ಕಷ್ಟವಾಗುವ ಸ್ಥಿತಿ ಇದು. ಪ್ರತಿಸ್ಪರ್ಧಿ ಕಂಪನಿಯಲ್ಲಿ ಇದೆ, ನಮ್ಮಲ್ಲೂ ಇರಲಿ ಎಂಬ ಹಟ ಒಂದು ಕಾರಣ. ಒಮ್ಮೆ ಸೇರಿಸಿದ್ದನ್ನು ತೆಗೆಯಲು ಧೈರ್ಯ ಸಾಲದಿರುವುದು ಇನ್ನೊಂದು ಕಾರಣ. ಹೀಗೆ ಆ್ಯಪ್ ಭಾರವಾಗುತ್ತದೆ, ದೋಷಗಳು ಹೆಚ್ಚುತ್ತವೆ, ಹಳೆಯ ಫೋನ್ ಇರುವವರು ಹಿಂದೆ ಉಳಿಯುತ್ತಾರೆ.

ವರ್ಡ್ ಕಲಿಸಿದ ಪಾಠ

ಮೈಕ್ರೋಸಾಫ್ಟ್ ವರ್ಡ್‌ನ ಮೊದಲ ಆವೃತ್ತಿಯಲ್ಲಿ ಸುಮಾರು 100 ಕಮಾಂಡ್‌ಗಳಿದ್ದವು. ವರ್ಡ್ 2003ರ ಹೊತ್ತಿಗೆ ಅವು 1500 ದಾಟಿದ್ದವು. ಆದರೆ ಜನ ಹೆಚ್ಚು ಬಳಸಿದ್ದು ಪೇಸ್ಟ್, ಸೇವ್, ಕಾಪಿ, ಅನ್‌ಡೂ, ಬೋಲ್ಡ್. ಒಟ್ಟು ಬಳಕೆಯಲ್ಲಿ ಸುಮಾರು ಮೂರನೇ ಒಂದು ಪಾಲು ಈ ಐದರದ್ದೇ ಎಂದು ಕಂಪನಿಯೇ ಕಂಡುಕೊಂಡಿತು. ಆಫೀಸ್ 2007ರಲ್ಲಿ ಹಳೆಯ ಮೆನುಗಳನ್ನು ಬಿಟ್ಟು ‘ರಿಬ್ಬನ್’ ತಂದಿದ್ದು, ಒಳಗೇ ಇದ್ದ ಸೌಲಭ್ಯಗಳು ಜನರ ಕಣ್ಣಿಗೆ ಬೀಳಲಿ ಎಂದು.

ವಾಟ್ಸ್‌ಆ್ಯಪ್ ಗೆದ್ದದ್ದು ಹೇಗೆ?

ವಾಟ್ಸ್‌ಆ್ಯಪ್ ಶುರುವಾದದ್ದು 2009ರಲ್ಲಿ. ಸ್ಥಾಪಕರಲ್ಲೊಬ್ಬರಾದ ಜಾನ್ ಕೂಮ್ 16ರ ಹರೆಯದಲ್ಲಿ ತಾಯಿಯ ಜೊತೆ ಉಕ್ರೇನ್‌ನಿಂದ ಅಮೆರಿಕಕ್ಕೆ ವಲಸೆ ಹೋದವರು. ಇನ್ನೊಬ್ಬರು ಬ್ರಿಯಾನ್ ಆ್ಯಕ್ಟನ್. ಜಾಹೀರಾತು ಬೇಡ, ಆಟ ಬೇಡ, ಗಿಮಿಕ್ ಬೇಡ ಎಂಬುದು ಇವರ ಸೂತ್ರವಾಗಿತ್ತು. ಯೂಸರ್‌ನೇಮ್, ಪಾಸ್‌ವರ್ಡ್ ಇಲ್ಲ. ಮೊಬೈಲ್ ನಂಬರ್ ಇದ್ದರೆ ಸಾಕು. ಅಗ್ಗದ ನೋಕಿಯಾ ಫೋನ್‌ನಲ್ಲೂ ನಡೆಯುತ್ತಿತ್ತು. 2014ರಲ್ಲಿ ಫೇಸ್‌ಬುಕ್ ಸುಮಾರು 19 ಬಿಲಿಯನ್ ಡಾಲರ್‌ಗೆ ಖರೀದಿ ಘೋಷಿಸಿದಾಗ 45 ಕೋಟಿ ಬಳಕೆದಾರರಿದ್ದರು. ಎಂಜಿನಿಯರ್‌ಗಳು ಬರೀ 32 ಮಂದಿ.

ಆಮೇಲೆ ವಾಟ್ಸ್‌ಆ್ಯಪ್ ಕೂಡ ಊದಿಕೊಳ್ಳುತ್ತಾ ಬಂತು. 2017ರ ಫೆಬ್ರವರಿಯಲ್ಲಿ ಹಳೆಯ ಅಕ್ಷರ ಸ್ಟೇಟಸ್ ತೆಗೆದು ಫೋಟೊ-ವಿಡಿಯೊ ಸ್ಟೇಟಸ್ ತಂದರು. ಜನ ಸಿಟ್ಟಾದರು. ಮರು ತಿಂಗಳೇ ಹಳೆಯದು ವಾಪಸ್ ಬಂತು. ಬಳಕೆದಾರರ ಮಾತಿಗೆ ಬೆಲೆ ಇದೆ ಎಂಬುದಕ್ಕೆ ಇದು ಸಾಕ್ಷಿ.

ಭಾರ ಇಳಿಸಿದ ಉದಾಹರಣೆಯೂ ಇದೆ. ನಿಧಾನ ನೆಟ್‌ವರ್ಕ್ ಇರುವವರಿಗಾಗಿ 2015ರಲ್ಲಿ ಬಂದ ಫೇಸ್‌ಬುಕ್ ಲೈಟ್, ಬಿಡುಗಡೆಯಾದಾಗ 1 ಎಂಬಿಗಿಂತಲೂ ಚಿಕ್ಕದಿತ್ತು.

ಇದ್ದೂ ಇಲ್ಲದ ಬಟನ್

ಸೌಲಭ್ಯ ಬೇರೆ, ಉಪಯೋಗ ಬೇರೆ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ವರ್ಷಗಳಿಂದ ನಿರ್ಬಂಧ ಇದೆ. ಕಾಲ್ ಬಟನ್ ಪರದೆ ಮೇಲೆ ಇದ್ದೇ ಇದೆ, ಆದರೆ ಅಮ್ಮನ ದನಿ ಕೇಳಬೇಕಾದವನಿಗೆ ಅದರಿಂದ ಪ್ರಯೋಜನವಿಲ್ಲ. ಅವನು ಅನುಮತಿ ಇರುವ ಬೇರೆ ಆ್ಯಪ್ ಹಾಕಿಕೊಳ್ಳಲೇಬೇಕು. ಬಳಸುವವನು ಎಲ್ಲಿದ್ದಾನೆ, ಯಾವ ಫೋನ್ ಹಿಡಿದಿದ್ದಾನೆ, ಯಾವ ಭಾಷೆ ಓದಬಲ್ಲ ಎಂದು ನೋಡದೆ ಸೌಲಭ್ಯದ ಪಟ್ಟಿ ಬೆಳೆಸಿ ಫಲವಿಲ್ಲ.

ಆ್ಯಪ್ ಮಾಡುವವರು ಕೇಳಿಕೊಳ್ಳಬೇಕಾದ್ದು

• ಈ ಸೌಲಭ್ಯ ಯಾರ ಯಾವ ಕಷ್ಟ ನೀಗಿಸುತ್ತದೆ?
• ಇದು ಇಲ್ಲದಿದ್ದರೆ ಯಾರಾದರೂ ದೂರುತ್ತಾರಾ?
• ಮುಖ್ಯ ಕೆಲಸಕ್ಕೆ ಒತ್ತಬೇಕಾದ ಬಟನ್‌ಗಳು ಹೆಚ್ಚಾದವಾ, ಕಡಿಮೆಯಾದವಾ?
• ಹೊಸದು ಬಂದಾಗ ಹಳೆಯದರಲ್ಲಿ ಯಾವುದನ್ನು ತೆಗೆಯಬಹುದು?

ಬಳಸುವವರು ಮಾಡಬಹುದಾದ್ದು

• ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’ಗೆ ಹೋಗಿ ಆಟೊ ಡೌನ್‌ಲೋಡ್ ಆಫ್ ಮಾಡಿ.
• ತಿಂಗಳುಗಟ್ಟಲೆ ತೆರೆಯದ ಆ್ಯಪ್ ಅಳಿಸಿ. ಹಣ ಇರುವ ವಾಲೆಟ್ ಆದರೆ ಮೊದಲು ಬ್ಯಾಲೆನ್ಸ್ ನೋಡಿ.
• ಕ್ಯಾಮೆರಾ, ಕಾಂಟ್ಯಾಕ್ಟ್, ಲೊಕೇಶನ್ ಅನುಮತಿ ಬೇಡದ ಕಡೆ ಕೊಡಬೇಡಿ.
• ತೊಂದರೆ ಇದ್ದರೆ ಪ್ಲೇ ಸ್ಟೋರ್‌ನಲ್ಲಿ ಬರೆಯಿರಿ. ‘ಚೆನ್ನಾಗಿಲ್ಲ’ ಎಂದಷ್ಟೇ ಬರೆದರೆ ಸಾಲದು. ‘ಹಣ ಕಳಿಸುವ ಬಟನ್ ಕಾಣುತ್ತಿಲ್ಲ’ ಎಂದು ಬಿಡಿಸಿ ಹೇಳಿ. ಸರಿಪಡಿಸುವವರಿಗೆ ಬೇಕಾದ ಮಾಹಿತಿ ಅದೇ.