ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಮಳೆ–ಬಿಸಿಲಿನ ವೈಪರೀತ್ಯ

ಬೆಂಗಳೂರಿನ ವಾಯವ್ಯಕ್ಕೆ ಸುಮಾರು 70 ಕಿ.ಮೀ. ದೂರದ ತುಮಕೂರು ನಗರ, ಅದರ ಪಶ್ಚಿಮಕ್ಕಿರುವ ಗುಬ್ಬಿ, ದಕ್ಷಿಣಕ್ಕಿರುವ ಕುಣಿಗಲ್ ಮೂರೂ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಬಯಲುಸೀಮೆಯ ಊರುಗಳು. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದಲ್ಲಿ ಬಹುಪಾಲು ಸುರಿದು ಹಗುರಾಗಿ ಇತ್ತ ಬರುವುದರಿಂದ ಇದು ಮಳೆ ನೆರಳಿನ ಪ್ರದೇಶ. ಕೃಷಿ ಹವಾಮಾನ ವಲಯಗಳ ಲೆಕ್ಕದಲ್ಲಿ ತುಮಕೂರು, ಗುಬ್ಬಿ ತಾಲ್ಲೂಕುಗಳು ಪೂರ್ವ ಒಣ ವಲಯಕ್ಕೂ ಕುಣಿಗಲ್ ದಕ್ಷಿಣ ಒಣ ವಲಯಕ್ಕೂ ಸೇರಿವೆ. ಮೇ ತಿಂಗಳಲ್ಲಿ ಗುಡುಗು ಸಹಿತ ಒಂದಷ್ಟು ಮಳೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಜೋರು ಮಳೆ, ನಡುವೆ ಜೂನ್–ಜುಲೈನಲ್ಲಿ ಬರಿ ಸೋನೆ: ಇದು ಇಲ್ಲಿನ ವಾಡಿಕೆ. ಕರಾವಳಿಯವರು ಬರವೆಂದು ಗಾಬರಿಯಾಗುವಂಥ ಜುಲೈ ಗುಬ್ಬಿಯವರಿಗೆ ಮಾಮೂಲು.

ರೈತರ ಲೆಕ್ಕದಲ್ಲಿ ಮಳೆಗೆ ಮಿಲಿಮೀಟರ್‌ಗಿಂತ ಮೊದಲು ಹೆಸರಿದೆ. ಹದಿಮೂರು–ಹದಿನಾಲ್ಕು ದಿನಕ್ಕೊಂದರಂತೆ ಮಳೆ ನಕ್ಷತ್ರ ಬದಲಾಗುತ್ತದೆ. ಭರಣಿ, ಕೃತ್ತಿಕೆಗೆ ಭೂಮಿ ಹದವಾದರೆ ಎಳ್ಳು, ಹೆಸರು, ಅಲಸಂದೆ. ಪುನರ್ವಸು, ಪುಷ್ಯದ ಹೊತ್ತಿಗೆ ರಾಗಿ ಬಿತ್ತನೆ. ಉತ್ತರೆಯಿಂದ ಚಿತ್ತೆಯವರೆಗಿನ ಮಳೆ ತೆನೆ ಕಟ್ಟುವುದಕ್ಕೆ. ವರ್ಷದ ಒಟ್ಟು ಮಳೆ ಸರಾಸರಿ ಮುಟ್ಟಿಯೂ ಬೆಳೆ ಕೈಗೆ ಹತ್ತದೆ ಹೋಗುವುದುಂಟು. ವಾಡಿಕೆಗಿಂತ ಶೇ 19ರಷ್ಟು ಹೆಚ್ಚು ಅಥವಾ ಕಡಿಮೆಯಾದರೂ ಹವಾಮಾನ ಇಲಾಖೆಗೆ ಅದು ಸಾಧಾರಣ ಮಳೆಯೇ. ಆದ್ದರಿಂದ ಈ ಸೀಮೆಯ ವೈಪರೀತ್ಯವನ್ನು ಮಳೆಯ ಮೊತ್ತದಲ್ಲಿ ಹುಡುಕುವುದಕ್ಕಿಂತ ಅದು ಬಿದ್ದ ವಾರದಲ್ಲಿ ಹುಡುಕುವುದೇ ಸರಿ.

2021ರ ನವೆಂಬರ್ ಇದಕ್ಕೆ ಒಳ್ಳೆಯ ಉದಾಹರಣೆ. ಸ್ವಾತಿ ಮುಗಿದು ವಿಶಾಖೆ ಹುಟ್ಟಿದರೂ ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರಗಳಲ್ಲಿ ಒಂದರ ಹಿಂದೊಂದು ವಾಯುಭಾರ ಕುಸಿತವಾಗಿ ದಕ್ಷಿಣ ಒಳನಾಡಿನಲ್ಲಿ ಮಳೆ ಬಿಡಲಿಲ್ಲ. ಅದು ರಾಗಿ ಕಟಾವಿನ ಕಾಲ. ಕೊಯ್ದು ಅರಿ ಹಾಕಿದ ರಾಗಿ ಹೊಲದಲ್ಲೇ ನೆನೆಯಿತು. ನಿಂತ ಪೈರು ಮಲಗಿ ತೆನೆಯಲ್ಲೇ ಮೊಳಕೆ ಒಡೆಯಿತು. ಹುಲ್ಲು ಕಪ್ಪಾಗಿ ದನಗಳಿಗೂ ಬೇಡವಾಯಿತು. ಆಗ ಪೆಸಿಫಿಕ್ ಸಾಗರದಲ್ಲಿ ಲಾ ನಿನಾ ಸ್ಥಿತಿಯಿತ್ತು. ಸಾಮಾನ್ಯವಾಗಿ ಲಾ ನಿನಾ ವರ್ಷಗಳಲ್ಲಿ ಹಿಂಗಾರು ತೆಳುವಾಗುತ್ತದೆ ಎನ್ನುತ್ತಾರೆ. ಆ ವರ್ಷ ಆದದ್ದು ಅದರ ತಿರುಗುಮುರುಗು.

ಎರಡೇ ವರ್ಷದಲ್ಲಿ ಚಿತ್ರ ಬದಲಾಯಿತು. ಲಾ ನಿನಾಗೆ ವಿರುದ್ಧ ಸ್ಥಿತಿಯಾದ ಎಲ್ ನಿನೊ ಕಾಣಿಸಿಕೊಂಡ 2023ರ ಆಗಸ್ಟ್‌ನಲ್ಲಿ ದೇಶದ ಮಳೆ ವಾಡಿಕೆಗಿಂತ ಶೇ 36ರಷ್ಟು ಕಡಿಮೆಯಾಯಿತು. 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ಇನ್ನೊಂದಿಲ್ಲ. ಆಶ್ಲೇಷ, ಮಘೆ ಕೈಕೊಟ್ಟವು. ರಾಜ್ಯ ಸರ್ಕಾರ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತು. ಹಳಬರ ಬಾಯಲ್ಲಿ ಇಂದಿಗೂ ಉಳಿದಿರುವ ‘ಧಾತು ಈಶ್ವರ ಬರ’ (1876–78) ಕೂಡ ಪ್ರಬಲ ಎಲ್ ನಿನೊ ಕಾಲದ್ದೇ. ಅದರಲ್ಲಿ ಮೈಸೂರು ಸಂಸ್ಥಾನ ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಿತು.

ಬಿಸಿಲಿನ ವಿಷಯದಲ್ಲಿ ಒಂದು ವಿಚಿತ್ರವಿದೆ. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಏರಿದರೆ ಹವಾಮಾನ ಇಲಾಖೆ ಅದನ್ನು ‘ಬಿಸಿಗಾಳಿ’ ಎನ್ನುತ್ತದೆ. ಎತ್ತರದ ಈ ಊರುಗಳಲ್ಲಿ ಪಾದರಸ 38ಕ್ಕೆ ಏರಿದರೇ ಜೀವ ಹೋದಂತಾಗುತ್ತದೆ, ಆದರೆ ಲೆಕ್ಕದ ಪ್ರಕಾರ ಅದು ಬಿಸಿಗಾಳಿಯಲ್ಲ. ನೆರೆಯ ಬೆಂಗಳೂರಿನಲ್ಲಿ 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು; 1983ರ ನಂತರ ಮೊದಲ ಬಾರಿಗೆ ಅಲ್ಲಿ ಏಪ್ರಿಲ್ ಮಳೆಯೇ ಇಲ್ಲದೆ ಕಳೆಯಿತು. ಐದು ವಾರಗಳಾಗುವಷ್ಟರಲ್ಲಿ, ಜೂನ್ 2ರಂದು, ಒಂದೇ ದಿನ 111.1 ಮಿ.ಮೀ. ಸುರಿಯಿತು. ಆ ವರ್ಷ ಭೂಮಿಯ ಸರಾಸರಿ ಉಷ್ಣಾಂಶ 1850–1900ರ ಮಟ್ಟಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಿತ್ತೆಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ.

ಬೀಳುವ ಮಳೆ ಒಂದು, ಸಿಗುವ ನೀರು ಇನ್ನೊಂದು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ಹಾದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಸೇರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಈ ಕಟ್ಟೆಯಲ್ಲಿ ಸ್ವಯಂಚಾಲಿತ ಸೈಫನ್‌ಗಳಿವೆ. ಬಾಗಿಲೆತ್ತಲು ಯಾರೂ ಬೇಕಿಲ್ಲ. ನೀರು ಗೊತ್ತಾದ ಮಟ್ಟಕ್ಕೆ ಬಂದೊಡನೆ ಕೊಳವೆಯೊಳಗಿನ ಗಾಳಿಯನ್ನು ತಳ್ಳಿ ತಾನೇ ಎಳೆದುಕೊಂಡು ಧುಮುಕುತ್ತದೆ. ಮಟ್ಟ ಇಳಿದು ಗಾಳಿ ಒಳಹೊಕ್ಕಾಗ ನಿಲ್ಲುತ್ತದೆ. ಮೇಲಿನ ತಾಲ್ಲೂಕುಗಳಲ್ಲಿ ಒಂದು ರಾತ್ರಿ ದಪ್ಪ ಮಳೆ ಬಿದ್ದರೆ ಕೆಳಗೆ ಒಣಗಿದ ಹೊಳೆಯಲ್ಲಿ ನಿಂತವರಿಗೆ ಸುಳಿವೇ ಸಿಗದಂತೆ ನೀರು ಬರಬಹುದು.

ತುಮಕೂರು ನಗರದ ನಲ್ಲಿಗಳಿಗೆ ಸ್ಥಳೀಯ ಮಳೆ ಸಾಲುವುದಿಲ್ಲ. ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆಯಲ್ಲಿ ನಿಲ್ಲುವ ಹೇಮಾವತಿ ನೀರೇ ಆಧಾರ, ಎಂದರೆ ಮೂಡಿಗೆರೆ, ಸಕಲೇಶಪುರದ ಮಳೆ. ಅದೇ ನೀರನ್ನು ಕುಣಿಗಲ್, ಮಾಗಡಿ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಗೆ ಗುಬ್ಬಿ ಭಾಗದ ರೈತರು 2024–25ರಲ್ಲಿ ತೀವ್ರ ವಿರೋಧ ಒಡ್ಡಿದರು.

1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈಗ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ 15 ನಿಮಿಷಕ್ಕೊಮ್ಮೆ ಮಾಹಿತಿ ಪಡೆಯುತ್ತದೆ. ರಸ್ತೆಯ ಆಚೆ ಮಳೆ, ಈಚೆ ಧೂಳು ಎಂಬ ದೂರಿಗೆ ಹೀಗೆ ದಾಖಲೆ ಸಿಕ್ಕಂತಾಯಿತು.

ತೋಟಗಳಲ್ಲಿ ಮಾತ್ರ ಲೆಕ್ಕ ತಡವಾಗಿ ಬರುತ್ತದೆ. ಬೇಸಿಗೆಯ ಕಾವಿಗೆ ಅಡಿಕೆಯ ಹಿಂಗಾರ ಒಣಗುವುದು, ತೆಂಗಿನ ಹರಳು ಉದುರುವುದು ಕೂಡಲೇ ಕಾಣುತ್ತದೆ. ಆದರೆ ತೆಂಗಿನ ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಅದು ಕೊಬ್ಬರಿಯಾಗಲು ಅಟ್ಟದ ಮೇಲೆ ಇನ್ನೂ ಹಲವು ತಿಂಗಳು. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ದರ ದಾಖಲೆ ಮಟ್ಟಕ್ಕೆ ಏರಿದಾಗ, ಮಾರಲು ಅಟ್ಟದಲ್ಲಿ ಕಾಯಿ ಕಡಿಮೆಯಿತ್ತು.