ಮಾತೋ, ಅಪ್ಪಣೆಯೋ

ಕನ್ನಡದಲ್ಲಿ ‘ಎಂದು’ ಎನ್ನುವುದು ಎರಡೇ ಅಕ್ಷರದ ಪದ. ಆದರೆ ಅದರ ಕೆಲಸ ದೊಡ್ಡದು. ‘ಬಾಗಿಲು ತೆಗೆ’ ಅಂದರೆ ಅಪ್ಪಣೆ. ‘ಬಾಗಿಲು ತೆಗೆ ಎಂದು ಗೋಡೆಯ ಮೇಲೆ ಬರೆದಿತ್ತು’ ಅಂದರೆ ಬರೀ ಸುದ್ದಿ, ಅದನ್ನು ಓದಿ ಯಾರೂ ಎದ್ದು ಬಾಗಿಲಿಗೆ ಹೋಗುವುದಿಲ್ಲ. ನಾವು ಯೋಚಿಸದೆಯೇ ಮಾಡುವ ಈ ವಿಂಗಡಣೆ ಕಂಪ್ಯೂಟರಿಗೆ ತಾನಾಗಿ ಬರುವುದಿಲ್ಲ. ಎದುರಿಗಿರುವ ಅಕ್ಷರಗಳು ಸುಮ್ಮನೆ ಅಕ್ಷರಗಳೋ ಅಥವಾ ನಡೆಸಬೇಕಾದ ಅಪ್ಪಣೆಯೋ ಎಂಬುದನ್ನು ಯಾರಾದರೂ ಅದಕ್ಕೆ ಹೇಳಿಕೊಡಬೇಕು. ಈಮ್ಯಾಕ್ಸ್ ಎಂಬ ಹಳೆಯ ಪಠ್ಯ ಸಂಪಾದಕದ ಒಂದು ಸಣ್ಣ ಆಜ್ಞೆಯಲ್ಲಿ ಈ ಪ್ರಶ್ನೆ ಹೇಗೆ ಕೂತಿದೆ ಎಂಬುದನ್ನು ಇಲ್ಲಿ ನೋಡಬೇಕೆಂದಿದ್ದೇನೆ.

ಕತೆ ಶುರುವಾಗುವುದು ಲಿಸ್ಪ್ ಭಾಷೆಯಿಂದ. 1960ರ ಏಪ್ರಿಲ್‌ನಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಎಂಐಟಿಯ ಜಾನ್ ಮೆಕಾರ್ಥಿ ‘ಇವ್ಯಾಲ್’ ಎಂಬ ಒಂದು ಫಂಕ್ಷನ್ ಬರೆದ. ಲಿಸ್ಪ್‌ನ ಯಾವುದೇ ಉಕ್ತಿಯನ್ನು ಕೊಟ್ಟರೂ ಅದರ ಬೆಲೆಯನ್ನು ಕಂಡುಹಿಡಿದು ಕೊಡುವ ಫಂಕ್ಷನ್ ಅದು. ಮೆಕಾರ್ಥಿಯ ಮಟ್ಟಿಗೆ ಅದು ಗಣಿತ, ಕಾಗದದ ಮೇಲೆ ಓದಲಿಕ್ಕೆ ಬರೆದದ್ದು. ಅವನ ಜೊತೆ ಕೆಲಸ ಮಾಡುತ್ತಿದ್ದ ಸ್ಟೀವ್ ರಸೆಲ್ ಅದನ್ನು ಐಬಿಎಂ 704ರ ಯಂತ್ರಭಾಷೆಗೆ ಕೈಯಾರೆ ಇಳಿಸಿಬಿಟ್ಟ. ಸಿದ್ಧಾಂತವನ್ನೂ ಪ್ರಯೋಗವನ್ನೂ ಬೆರೆಸುತ್ತಿದ್ದೀಯ ಎಂದು ಮೆಕಾರ್ಥಿ ಅವನಿಗೆ ಹೇಳಿದ್ದನಂತೆ. ಬೆರೆಸಿದ್ದು ನಿಜ. ಲಿಸ್ಪ್ ಓಡತೊಡಗಿದ್ದೂ ಅದರಿಂದಲೇ.

ಲಿಸ್ಪ್‌ನಲ್ಲಿ ಕ್ರಮವಿಧಿಯೂ ಪಟ್ಟಿಯೇ, ದತ್ತಾಂಶವೂ ಪಟ್ಟಿಯೇ. ಹಾಗಾಗಿ ಒಂದು ಪಟ್ಟಿಯನ್ನು ನಡೆಸಬಾರದು, ಇದ್ದ ಹಾಗೇ ಇಟ್ಟುಕೊಳ್ಳಬೇಕು ಅಂದರೆ ಅದರ ಮುಂದೆ ಒಂದು ಉದ್ಧರಣ ಚಿಹ್ನೆ ಹಾಕಬೇಕು. ನಮ್ಮ ‘ಎಂದು’ ಮಾಡುವ ಕೆಲಸವನ್ನೇ ಈ ಚಿಹ್ನೆಯೂ ಮಾಡುತ್ತದೆ. ವ್ಯತ್ಯಾಸ ಇಷ್ಟೇ: ಲಿಸ್ಪ್ ಮೊದಲೇ ಎಚ್ಚರಿಸುತ್ತದೆ, ಕನ್ನಡ ಮಾತು ಮುಗಿದ ಮೇಲೆ ತಿಳಿಸುತ್ತದೆ.

1978ರಲ್ಲಿ ಬರ್ನಾರ್ಡ್ ಗ್ರೀನ್‌ಬರ್ಗ್ ಮಲ್ಟಿಕ್ಸ್ ವ್ಯವಸ್ಥೆಗೆ ಈಮ್ಯಾಕ್ಸನ್ನು ಈ ಭಾಷೆಯಲ್ಲೇ ಬರೆದ. ಅದಕ್ಕೆ ಎರಡು ವರ್ಷ ಮುಂಚೆ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತು ಗೈ ಸ್ಟೀಲ್ ರೂಪಿಸಿದ ಮೊದಲ ಈಮ್ಯಾಕ್ಸ್ ಟೆಕೋ ಎಂಬ ಭಾಷೆಯಲ್ಲಿತ್ತು. 1985ರಲ್ಲಿ ಹೊರಬಂದ ಸ್ಟಾಲ್‌ಮನ್‌ನ ಗ್ನೂ ಈಮ್ಯಾಕ್ಸ್ ಲಿಸ್ಪನ್ನೇ ಹಿಡಿಯಿತು. ಇನ್ನೊಂದು ಕಡೆ, ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ‘ಮೇಕ್’ ಬರೆದಿದ್ದ. ಸಹೋದ್ಯೋಗಿಯೊಬ್ಬ ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡದೆ, ಸರಿಯಾಗಿಯೇ ಇದ್ದ ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತ ಹೊತ್ತು ಕಳೆದದ್ದು ಅದಕ್ಕೆ ಕಾರಣ.

ಈಮ್ಯಾಕ್ಸ್‌ನ ‘ಕಂಪೈಲ್’ ಆಜ್ಞೆಯಲ್ಲಿ ಈ ಎರಡು ವಂಶಗಳೂ ಕೂಡುತ್ತವೆ. ಆಜ್ಞೆ ಕೊಟ್ಟರೆ ಕೆಳಗಿನ ಸಾಲಿನಲ್ಲಿ ‘ಮೇಕ್ -ಕೆ’ ಎಂಬ ಸಿದ್ಧ ಪಠ್ಯ ಬರುತ್ತದೆ. ಬೇಕಿದ್ದರೆ ತಿದ್ದಿ ಎಂಟರ್ ಒತ್ತಿದರೆ ಕೆಲಸ ಶುರು. ಆ ಪಠ್ಯ ‘ಕಂಪೈಲ್-ಕಮಾಂಡ್’ ಎಂಬ ಚರದಿಂದ ಬರುತ್ತದೆ. ಅದನ್ನು ತೋರಿಸುವ ಮುಂಚೆ ಈಮ್ಯಾಕ್ಸ್ ಒಮ್ಮೆ ಇವ್ಯಾಲ್‌ಗೆ ಕೊಡುತ್ತದೆ. ಬರಿಯ ಪಠ್ಯವಾಗಿದ್ದರೆ ಏನೂ ಆಗುವುದಿಲ್ಲ, ಏಕೆಂದರೆ ಲಿಸ್ಪ್‌ನಲ್ಲಿ ಪಠ್ಯದ ಬೆಲೆ ಆ ಪಠ್ಯವೇ. ಆದರೆ ಅಲ್ಲಿ ಒಂದು ಉಕ್ತಿ ಇದ್ದರೆ ಅದು ಆ ಕ್ಷಣದಲ್ಲಿ ಲೆಕ್ಕವಾಗುತ್ತದೆ. ನಾನು ಸಂಶೋಧನಾ ಪ್ರಬಂಧವನ್ನು ಲೇಟೆಕ್‌ನಲ್ಲಿ ಬರೆಯುತ್ತೇನೆ, ಅಧ್ಯಾಯಕ್ಕೊಂದು ಕಡತ. ‘ಲೇಟೆಕ್ ಎಂಬ ಪದಕ್ಕೆ ಈಗ ತೆರೆದಿರುವ ಕಡತದ ಹೆಸರನ್ನು ಜೋಡಿಸು’ ಎಂಬ ಒಂದು ಉಕ್ತಿ ಇದ್ದರೆ ಯಾವ ಅಧ್ಯಾಯದಲ್ಲಿದ್ದರೂ ಸರಿಯಾದ ಆಜ್ಞೆ ತಾನೇ ಮೂಡುತ್ತದೆ. ಇದು ಬೇಡ ಅನ್ನಲು ನನಗಂತೂ ಮನಸ್ಸಿಲ್ಲ.

ತೊಡಕಿರುವುದು ಬೇರೆ ಕಡೆ. ಈಮ್ಯಾಕ್ಸ್‌ನಲ್ಲಿ ಕಡತವೂ ಮಾತಾಡಬಲ್ಲದು. ಕಡತದ ಕೊನೆಯ 3000 ಅಕ್ಷರಗಳೊಳಗೆ ‘ಲೋಕಲ್ ವೇರಿಯಬಲ್ಸ್’ ಎಂಬ ಶೀರ್ಷಿಕೆ ಹಾಕಿ ಚರಗಳಿಗೆ ಬೆಲೆ ಬರೆದಿಡಬಹುದು, ತೆರೆದವರ ಸಂಪಾದಕ ಅದನ್ನು ಓದಿಕೊಳ್ಳುತ್ತದೆ. ಅಂದಮೇಲೆ ಯಾರೋ ಅಪರಿಚಿತರು ಕಳಿಸಿದ ಕಡತ ಕಂಪೈಲ್-ಕಮಾಂಡ್‌ಗೆ ಒಂದು ಉಕ್ತಿ ಕೊಟ್ಟರೆ? ಆಜ್ಞೆ ತೆರೆಯ ಮೇಲೆ ಕಾಣುವ ಮುಂಚೆಯೇ ಆ ಉಕ್ತಿ ನಡೆದುಹೋಗಿರುತ್ತದೆ. ಗೋಡೆಯ ಮೇಲಿನ ಬರಹ ಓದಿದ ಮಾತ್ರಕ್ಕೆ ಬಾಗಿಲು ತೆರೆದುಕೊಂಡ ಹಾಗೆ.

2007ರಲ್ಲಿ ಬಂದ 22ನೆಯ ಆವೃತ್ತಿ ಚರದ ಬೆಲೆಗಳಲ್ಲಿ ಯಾವುದು ಸುರಕ್ಷಿತ ಎಂದು ವಿಂಗಡಿಸುವ ಏರ್ಪಾಡು ತಂದಿತು. ಉಳಿದದ್ದಕ್ಕೆಲ್ಲ ಬಳಕೆದಾರರನ್ನು ಕೇಳಿಯೇ ಮುಂದುವರಿಯಬೇಕು. ಕಂಪೈಲ್-ಕಮಾಂಡ್‌ಗೆ ಇರುವ ಷರತ್ತು ನನಗೆ ಬಹಳ ಹಿಡಿಸಿದೆ. ಕಡತದಿಂದ ಬಂದ ಬೆಲೆ ಬರಿಯ ಪಠ್ಯವಾಗಿರಬೇಕು. ಜೊತೆಗೆ, ನಡೆಸುವ ಮುಂಚೆ ಆಜ್ಞೆಯನ್ನು ತೋರಿಸುವ ಏರ್ಪಾಡು ಚಾಲ್ತಿಯಲ್ಲಿರಬೇಕು. ಎರಡನೆಯ ಮಾತು ಏಕೆ? ಪಠ್ಯವಾದರೂ ಅದು ಕೊನೆಗೆ ಹೋಗುವುದು ಶೆಲ್‌ಗೆ, ಮತ್ತು ಶೆಲ್‌ ಕೂಡ ಒಂದು ಬಗೆಯ ಇವ್ಯಾಲ್. ಮನೆಯ ಕಡತಗಳನ್ನೆಲ್ಲ ಅಳಿಸು ಎಂಬುದೂ ಲಿಸ್ಪ್‌ನ ಕಣ್ಣಿಗೆ ನಿರುಪದ್ರವಿ ಪಠ್ಯವೇ. ಇಲ್ಲಿ ಸುರಕ್ಷತೆ ಪಠ್ಯದ ಗುಣವಲ್ಲ, ಅದರ ಮೇಲೆ ಒಬ್ಬರ ಕಣ್ಣು ಬಿದ್ದಿತು ಎಂಬುದರಲ್ಲಿದೆ. (ಓದದೇ ಎಂಟರ್ ಒತ್ತುವವರನ್ನು ಯಾವ ಷರತ್ತೂ ಕಾಯಲಾರದು, ಆ ಮಾತು ಬೇರೆ.)

ಪ್ರತಿಸ್ಪರ್ಧಿ ವಿಮ್ ಇಷ್ಟು ಸೂಕ್ಷ್ಮಕ್ಕೆ ಹೋಗಲಿಲ್ಲ. ಅದರ ‘ಮೇಕ್‌ಪ್ರೊಗ್’ ಎಂಬ ಆಯ್ಕೆಯನ್ನು ಕಡತದೊಳಗಿನ ಮೋಡ್‌ಲೈನ್‌ನಿಂದ ಬದಲಿಸಲು ಬರುವುದೇ ಇಲ್ಲ. ಹಾಗೆಂದು ವಿಮ್ ಪಾರಾಗಲಿಲ್ಲ. ಮಡಿಕೆಗಳನ್ನು ಲೆಕ್ಕ ಹಾಕುವಂಥ ಕೆಲವು ಆಯ್ಕೆಗಳಿಗೆ ಮೋಡ್‌ಲೈನ್‌ನಲ್ಲಿ ಉಕ್ತಿ ಬರೆಯಬಹುದಿತ್ತು, ಅವು ಸ್ಯಾಂಡ್‌ಬಾಕ್ಸ್ ಎಂಬ ಬೇಲಿಯೊಳಗೆ ನಡೆಯುತ್ತಿದ್ದವು. 2019ರಲ್ಲಿ ಆ ಬೇಲಿ ಹಾರುವ ದಾರಿಯೊಂದು ಬಯಲಾಯಿತು. ಮೋಡ್‌ಲೈನ್ ಚಾಲ್ತಿಯಲ್ಲಿದ್ದರೆ ಕಡತ ತೆರೆದಷ್ಟಕ್ಕೇ ಅದರೊಳಗಿನ ಆಜ್ಞೆ ನಡೆಯುತ್ತಿತ್ತು. ವಿಮ್, ನಿಯೋವಿಮ್ ಎರಡನ್ನೂ ತಿದ್ದಬೇಕಾಯಿತು.

ಹಾಗಾದರೆ ಕಟ್ಟುವ ಆಜ್ಞೆ ತನ್ನ ವಾದವನ್ನು ಕ್ರಮವಿಧಿಯಾಗಿ ಯಾವಾಗ ನಡೆಸಬೇಕು? ಅದನ್ನು ಬರೆದವರೂ ಆಜ್ಞೆ ಕೊಟ್ಟವರೂ ಒಬ್ಬರೇ ಆಗಿದ್ದಾಗ, ಅಥವಾ ಬಳಕೆದಾರರು ನೋಡಿ ಒಪ್ಪಿದಾಗ ಎಂಬುದು ನನ್ನ ಮತ. ನನ್ನ ಸಂರಚನಾ ಕಡತದಲ್ಲಿ ನಾನೇ ಬರೆದ ಉಕ್ತಿಗೆ ಉದ್ಧರಣ ಚಿಹ್ನೆಯ ಕಾವಲು ಬೇಕಿಲ್ಲ. ಮಿಂಚಂಚೆಯಲ್ಲಿ ಬಂದ ಕಡತಕ್ಕೆ ಖಂಡಿತ ಬೇಕು. ಉಕ್ತಿ ಎರಡೂ ಕಡೆ ಅಕ್ಷರಶಃ ಒಂದೇ ಇರಬಹುದು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ, ಮಾತಿನ ಜೊತೆಗೆ ಮಾತಾಡಿದವರನ್ನೂ ಕೇಳುವುದು ನಮಗೆ ರೂಢಿ.

ಕಂಪೈಲ್ ಆಜ್ಞೆಯಲ್ಲಿ ಇನ್ನೊಂದು ಚಿಕ್ಕ ವಿಚಿತ್ರವಿದೆ. ಲೆಕ್ಕವಾಗಿ ಬಂದ ಆಜ್ಞೆಯನ್ನು ನೀವು ಒಂದೇ ಒಂದು ಅಕ್ಷರ ತಿದ್ದಿ ಎಂಟರ್ ಒತ್ತಿದರೂ ಸಾಕು, ಈಮ್ಯಾಕ್ಸ್ ಆ ತಿದ್ದಿದ ಪಠ್ಯವನ್ನೇ ಚರದಲ್ಲಿ ಇಟ್ಟುಕೊಳ್ಳುತ್ತದೆ. ಅದುವರೆಗೆ ಅಲ್ಲಿದ್ದ ಉಕ್ತಿ ಮರೆಯಾಗುತ್ತದೆ. ಮೂರನೆಯ ಅಧ್ಯಾಯದಿಂದ ನಾಲ್ಕನೆಯದಕ್ಕೆ ಹೋಗಿ ಕಂಪೈಲ್ ಅಂದರೆ ಅದು ಮತ್ತೆ ಮೂರನೆಯ ಅಧ್ಯಾಯವನ್ನೇ ಕಟ್ಟಲು ಹೊರಡುತ್ತದೆ.